ಟೇಕ್ ಮತ್ತು ಟೇಕ್ ನಡುವೆ

ಕೇಳುಗರಿಗೆ ನಮಸ್ಕಾರ. ಇವತ್ತು ಒಂದೇ ಸಿನಿಮಾ, ಒಂದೇ ಮಾತು. ಸಿನಿಮಾ, ಇರಾನಿನ ಅಬ್ಬಾಸ್ ಕಿಯರೋಸ್ತಮಿ 1994ರಲ್ಲಿ ಮಾಡಿದ 'ಥ್ರೂ ದಿ ಆಲಿವ್ ಟ್ರೀಸ್'. ಮಾತು ಏನಂದ್ರೆ, ಇದ್ರಲ್ಲಿ ಕಥೆ ಇರೋದು ಶೂಟಿಂಗ್ ನಡೀವಾಗ ಅಲ್ಲ, ಎರಡು ಟೇಕ್ ನಡುವಿನ ಬಿಡುವಲ್ಲಿ. ಟೇಕ್ ಅಂದ್ರೆ ಒಂದು ದೃಶ್ಯಾನ ಒಂದ್ಸಲ ಶೂಟ್ ಮಾಡೋದು.

ಉತ್ತರ ಇರಾನಿನ ಕೋಕರ್ ಅನ್ನೋ ಹಳ್ಳಿ ಕಡೆ. 1990ರ ಭೂಕಂಪದಲ್ಲಿ ಆ ಸೀಮೇಲಿ ಹತ್ತಾರು ಸಾವಿರ ಜನ ಸತ್ತಿದ್ರು. ಅಲ್ಲಿಗೆ ಸಿನಿಮಾದವರು ಬಂದು ಗಾರೆ ಕೆಲಸದ ಹುಸೇನ್‌ನ, ತಾಹಿರೆ ಅನ್ನೋ ಹುಡುಗೀನ ಹೊಸ ಗಂಡ-ಹೆಂಡತಿ ಪಾತ್ರಕ್ಕೆ ಹಾಕ್ಕೊಳ್ತಾರೆ, ಆದ್ರೆ ಕ್ಯಾಮೆರಾ ಆಚೆ ಇವನು ಅವಳನ್ನ ಆಗಲೇ ಮದುವೆಗೆ ಕೇಳಿ, ಮನೆಯಿಲ್ಲ ಓದಿಲ್ಲ ಅಂತ ಅವರ ಮನೇಲಿ ಒಲ್ಲೆ ಅಂದಿದ್ದಾರೆ.

ನನಗೆ ತುಂಬ ಇಷ್ಟವಾದ ಜಾಗ ಹೇಳ್ತೀನಿ. ಭೂಕಂಪದಲ್ಲಿ ನನ್ನ ಕಡೆಯವರು 65 ಜನ ಹೋದ್ರು ಅಂತ ಹುಸೇನ್ ಡೈಲಾಗ್ ಹೇಳ್ಬೇಕು. ಅವನು 25 ಅಂತಾನೆ. ಕಟ್! 65 ಅನ್ನಪ್ಪಾ ಅಂತಾರೆ. ಮತ್ತೆ 25. ಯಾಕಪ್ಪಾ ಅಂದ್ರೆ, ನಮ್ಮವರು ಸತ್ತಿದ್ದು 25 ಜನ ಅಲ್ವಾ ಅಂತಾನೆ! ನೋಡಿ, ಡೈಲಾಗ್ ತಪ್ಪಿದಾಗಲೇ ಅವನ ನಿಜವಾದ ದುಃಖ ನಮಗೆ ಗೊತ್ತಾಗೋದು. ಹಾಗೇ, ತಾಹಿರೆ ಅವನನ್ನ 'ಹುಸೇನ್ ಆಗಾ' ಅಂತ ಮರ್ಯಾದೆ ಕೊಟ್ಟು ಕರೀಬೇಕು, ಅವಳು ಕರೆಯಲ್ಲ, ಮತ್ತೆ ಟೇಕ್, ಮತ್ತೆ ಟೇಕ್. ಫಿಲ್ಮ್ ಸೊಸೈಟೀಲಿ ತೋರಿಸಿದಾಗೆಲ್ಲ ಯಾರಾದ್ರೂ "ಸರ್ ಸ್ವಲ್ಪ ಮುಂದೆ ಓಡ್ಸಿ" ಅಂತಾರೆ. ದಯವಿಟ್ಟು ಓಡಿಸ್ಬೇಡಿ! ಆ ಬಿಡುವಲ್ಲೇ ಹುಸೇನ್ ಅವಳ ಹತ್ರ ಮಾತಾಡೋದು. ಓದಿದವರು ಓದಿಲ್ಲದವರನ್ನ, ಮನೆಯಿದ್ದವರು ಮನೆಯಿಲ್ಲದವರನ್ನ ಮದುವೆ ಆಗ್ಬೇಕು, ಆಗ ಎಲ್ರದ್ದೂ ನಡೆಯುತ್ತೆ ಅನ್ನೋದು ಅವನ ವಾದ, ಎರಡು ಮನೆಯಿದ್ರೆ ಒಂದ್ರಲ್ಲಿ ತಲೆ ಇನ್ನೊಂದ್ರಲ್ಲಿ ಕಾಲು ಇಟ್ಟು ಮಲಗೋಕಾಗುತ್ತಾ ಅಂತಾನೆ. ಅವಳು ಪುಸ್ತಕದಿಂದ ತಲೆ ಎತ್ತಲ್ಲ.

ಸಮಯ ಆಗ್ತಾ ಬಂತು. ಶುರುವಲ್ಲೇ ಮೊಹಮ್ಮದ್ ಅಲಿ ಕೆಶಾವರ್ಜ್ ಕ್ಯಾಮೆರಾ ನೋಡಿ, ನಾನು ಡೈರೆಕ್ಟರ್ ಪಾತ್ರ ಮಾಡೋ ನಟ ಅಂತ ಹೇಳಿಬಿಡ್ತಾರೆ, ಅದ್ರ ಬಗ್ಗೆ ಮಾತಾಡೋಕೆ ಆಗ್ಲಿಲ್ಲ. ಕೊನೇ ಶಾಟ್ ಮಾತ್ರ ಹೇಳ್ತೀನಿ. ಶೂಟಿಂಗ್ ಮುಗಿದಿದೆ, ಇನ್ನು ಟೇಕೇ ಇಲ್ಲ. ಅವಳು ಆಲಿವ್ ಮರಗಳ ನಡುವೆ ಹೋಗ್ತಾಳೆ, ಇವನು ಹಿಂದೆ, ಕ್ಯಾಮೆರಾ ದಿಬ್ಬದ ಮೇಲೇ ನಿಂತಿದೆ, ಹಸಿರು ಬಯಲಲ್ಲಿ ಎರಡು ಬಿಳಿ ಚುಕ್ಕೆ ಅಷ್ಟೆ. ಒಂದು ಚುಕ್ಕೆ ಇನ್ನೊಂದರ ಹತ್ರ ಹೋಗುತ್ತೆ, ಆಮೇಲೆ ತಿರುಗಿ ಓಡಿ ಬರುತ್ತೆ. ಅವಳು ಏನಂದ್ಳೋ ನಮಗೆ ಕೇಳ್ಸಲ್ಲ. ಮೊಬೈಲಲ್ಲಿ ಮಾತ್ರ ನೋಡ್ಬೇಡಿ, ಆ ಚುಕ್ಕೆಗಳು ಕಾಣೋದೇ ಇಲ್ಲ.