ಹೊಳೆ ದಾಟುವ ಜಾಗ ಕೇಳಿದವರು

ಕೇಳುಗರಿಗೆ ನಮಸ್ಕಾರ.

ಎರಡೂವರೆ ಸಾವಿರ ವರ್ಷಗಳ ಹಿಂದಿನ ಚೀನಾ. ಹೊಳೆಯ ಹತ್ತಿರದ ಹೊಲವೊಂದರಲ್ಲಿ ಚಾಂಗ್ ಜು, ಜ್ಯೇ ನಿ ಎಂಬ ಇಬ್ಬರು ರೈತರು ಜೊತೆಯಾಗಿ ಉಳುತ್ತಿದ್ದಾರೆ. ದಾರಿಯಲ್ಲಿ ಒಂದು ಗಾಡಿ ಬಂದು ನಿಲ್ಲುತ್ತದೆ. ಗಾಡಿಯಲ್ಲಿರುವ ಗುರು ತನ್ನ ಶಿಷ್ಯ ತ್ಸು ಲುವಿನ ಕೈಯಿಂದ ಲಗಾಮು ತೆಗೆದುಕೊಂಡು, ಹೊಳೆ ದಾಟುವ ಜಾಗ ಎಲ್ಲಿದೆ ಎಂದು ಕೇಳಿಕೊಂಡು ಬರಲು ಅವನನ್ನು ಕಳಿಸುತ್ತಾನೆ.

"ಅಲ್ಲಿ ಲಗಾಮು ಹಿಡಿದು ಕೂತವರು ಯಾರು?" ಎಂದು ಚಾಂಗ್ ಜು ಕೇಳುತ್ತಾನೆ. "ಕುಂಗ್ ಚ್ಯು" ಎನ್ನುತ್ತಾನೆ ಶಿಷ್ಯ. "ಲು ರಾಜ್ಯದ ಕುಂಗ್ ಚ್ಯು ಏನು?" "ಹೌದು." "ಹಾಗಾದರೆ ದಾಟುವ ಜಾಗ ಅವರಿಗೇ ಗೊತ್ತಿರುತ್ತದೆ ಬಿಡು."

ತ್ಸು ಲು ಇನ್ನೊಬ್ಬನನ್ನು ಕೇಳುತ್ತಾನೆ. ಜ್ಯೇ ನಿಯ ಉತ್ತರ ಇನ್ನೂ ಖಾರ. "ಲೋಕವೆಲ್ಲ ನೆರೆಯ ನೀರಿನ ಹಾಗೆ ಕೊಚ್ಚಿಕೊಂಡು ಹೋಗುತ್ತಿದೆ. ಇದನ್ನು ಬದಲಾಯಿಸುವವರು ಯಾರು? ಈ ದೊರೆ ಬೇಡ, ಆ ದೊರೆ ಬೇಡ ಎಂದು ಅಲೆಯುವವರ ಹಿಂದೆ ಹೋಗುವ ಬದಲು ಲೋಕವನ್ನೇ ಬಿಟ್ಟವರ ಜೊತೆ ಬಾ." ಇಷ್ಟು ಹೇಳಿ ಅವನು ಬಿತ್ತಿದ ಬೀಜದ ಮೇಲೆ ಮಣ್ಣೆಳೆಯುತ್ತಲೇ ಇರುತ್ತಾನೆ. ಕೈ ಒಮ್ಮೆಯೂ ನಿಲ್ಲುವುದಿಲ್ಲ.

ಶಿಷ್ಯ ಬಂದು ಹೇಳಿದ್ದನ್ನು ಕೇಳಿ ಗುರು ನಿಟ್ಟುಸಿರುಬಿಡುತ್ತಾನೆ. "ಹಕ್ಕಿಗಳ ಜೊತೆ, ಮೃಗಗಳ ಜೊತೆ ಬಾಳುವುದು ನನ್ನಿಂದಾಗದು. ಈ ಮನುಷ್ಯರ ನಡುವೆ ಅಲ್ಲದೆ ಇನ್ನು ಯಾರ ನಡುವೆ ಇರಲಿ? ಲೋಕ ಸರಿಯಾದ ದಾರಿಯಲ್ಲಿ ಇದ್ದಿದ್ದರೆ ನಾನು ಅದನ್ನು ಬದಲಾಯಿಸಲು ಹೊರಡುತ್ತಲೇ ಇರಲಿಲ್ಲ."

ಈ ಗುರುವನ್ನೇ ನಾವು ಕನ್‌ಫ್ಯೂಷಿಯಸ್ ಎಂದು ಕರೆಯುತ್ತೇವೆ. ಅವನ ಮಾತುಗಳನ್ನು ಶಿಷ್ಯರು ಮತ್ತು ಅವರ ಶಿಷ್ಯರು ಕೂಡಿಸಿಟ್ಟ ಲುನ್ ಯು ಎಂಬ ಸಂಗ್ರಹದ 18ನೆಯ ಅಧ್ಯಾಯದಲ್ಲಿ ಈ ಪ್ರಸಂಗ ಇದೆ. ತಾವೋ ಪಂಥ ಎಂಬ ಹೆಸರು ಆಗ ಹುಟ್ಟಿರಲಿಲ್ಲ. ಆದರೆ ಆ ಪಂಥದ ಮನಸ್ಸು ಆಗಲೇ ಆ ಹೊಲದಲ್ಲಿ ಮಣ್ಣೆಳೆಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಕನ್‌ಫ್ಯೂಷಿಯಸ್‌ನದು, ತಾವೋ ಪಂಥದ್ದು ಎಂಬ ಚೀನಾದ ಎರಡು ದೊಡ್ಡ ವಿಚಾರಧಾರೆಗಳ ಬಗ್ಗೆ ಮಾತನಾಡಲು ಹೊರಟಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಹೊಲ, ಈ ಗಾಡಿ.

ತಾವೋ ಎಂದರೆ ದಾರಿ. ಕನ್‌ಫ್ಯೂಷಿಯಸ್ ಕೂಡ ಅದೇ ಪದವನ್ನು ಬಳಸಿದ. ಬೆಳಿಗ್ಗೆ ದಾರಿಯ ವಿಷಯ ಕಿವಿಗೆ ಬಿದ್ದರೆ ಸಂಜೆ ಸತ್ತರೂ ಚಿಂತೆಯಿಲ್ಲ ಎಂದ. ಈ ಪದಕ್ಕೂ ನಮಗೂ ಒಂದು ನಂಟು ಇದೆ. ಇಮ್ಮಡಿ ಪುಲಕೇಶಿಯ ನಾಡನ್ನು ಕಂಡು ಬರೆದಿಟ್ಟ ಯಾತ್ರಿಕ ಹ್ಯೂಯೆನ್‌ತ್ಸಾಂಗ್ 645ರಲ್ಲಿ ಚೀನಾಕ್ಕೆ ಮರಳಿದ. ಎರಡು ವರ್ಷ ಕಳೆದ ಮೇಲೆ, ಇಂದಿನ ಅಸ್ಸಾಮಿನ ಕಡೆಯ ಕಾಮರೂಪದ ಅರಸನಿಗಾಗಿ, ತಾವೋ ಪಂಥದ ಮೂಲಗುರು ಎನ್ನಲಾಗುವ ಲಾವೋತ್ಸುವಿನ ಗ್ರಂಥವನ್ನು ಸಂಸ್ಕೃತಕ್ಕೆ ತರಬೇಕೆಂದು ಚಕ್ರವರ್ತಿಯ ಆಜ್ಞೆಯಾಯಿತು. ಜೊತೆಗಿದ್ದ ತಾವೋ ಪಂಡಿತರು ತಾವೋ ಎಂಬುದಕ್ಕೆ "ಬೋಧಿ" ಎಂದೇ ಹಾಕಬೇಕೆಂದು ಹಟ ಹಿಡಿದರು. ಹ್ಯೂಯೆನ್‌ತ್ಸಾಂಗ್ ಒಪ್ಪಲಿಲ್ಲ, "ಮಾರ್ಗ" ಎಂಬುದೇ ಸರಿ ಎಂದ. ಆ ಅನುವಾದ ಉಳಿದು ಬಂದಿಲ್ಲ. ಆದರೆ ಅವನು ಆರಿಸಿದ ಪದವನ್ನು ನಾವು ದಿನವೂ ಆಡುತ್ತೇವೆ. ಭಕ್ತಿಮಾರ್ಗ, ಜ್ಞಾನಮಾರ್ಗ ಎನ್ನುವಾಗಲೂ ಅದೇ, ಬಸ್ಸಿನ ಮಾರ್ಗ ಎನ್ನುವಾಗಲೂ ಅದೇ.

ಕನ್‌ಫ್ಯೂಷಿಯಸ್ ಹುಟ್ಟಿದ್ದು ಕ್ರಿ.ಪೂ. 551ರಲ್ಲಿ, ಇಂದಿನ ಶಾಂಡೊಂಗ್ ಪ್ರಾಂತದ ಚುಫು ಊರಿನ ಬಳಿ. ಎಳವೆಯಲ್ಲೇ ತಂದೆ ತೀರಿಕೊಂಡ. ಬಡತನದಲ್ಲಿ ಬೆಳೆದ ಹುಡುಗ ಕಣಜದ ಲೆಕ್ಕ ಬರೆದ, ದನಕರು ನೋಡಿಕೊಂಡ. ತನ್ನ ಮಾತು ಕೇಳುವ ದೊರೆಯನ್ನು ಹುಡುಕಿ ನಡುವಯಸ್ಸು ದಾಟಿದ ಮೇಲೆ ಹದಿಮೂರು ಹದಿನಾಲ್ಕು ವರ್ಷ ಅಲೆದ. ಯಾರೂ ಕೇಳಲಿಲ್ಲ. ಊರಿಗೆ ಮರಳಿ ಪಾಠ ಹೇಳುತ್ತ ಕ್ರಿ.ಪೂ. 479ರಲ್ಲಿ ತೀರಿಕೊಂಡ.

ಅವನ ಬೋಧನೆಯ ಬೇರು ಎರಡು ಪದಗಳಲ್ಲಿದೆ. ಒಂದು ರೆನ್. ಇದರ ಚೀನೀ ಅಕ್ಷರದಲ್ಲಿ ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಎರಡು ಎಂಬ ಅಂಕಿ. ಇಬ್ಬರ ನಡುವೆ ಹುಟ್ಟುವ ಮನುಷ್ಯತನ ಎಂದು ನಾನು ಅದನ್ನು ಓದುತ್ತೇನೆ. ಇನ್ನೊಂದು ಲಿ. ಪೂಜೆ, ಅಂತ್ಯಕ್ರಿಯೆಗಳ ವಿಧಿಯಿಂದ ಹಿಡಿದು ಅತಿಥಿಗೆ ಎದ್ದು ನಿಲ್ಲುವವರೆಗೆ ಎಲ್ಲವೂ ಲಿ. ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ಮಾತು "ಮರ್ಯಾದೆ" ಇರಬಹುದು. ಎಲ್ಲೆ ಎಂಬ ಅರ್ಥವೂ, ಗೌರವ ಎಂಬ ಅರ್ಥವೂ ಒಂದೇ ಪದದಲ್ಲಿ ಕೂತಿವೆ.

ಲಿ ಎಂದೊಡನೆ ಬಗ್ಗಿ ನಮಸ್ಕರಿಸುವ ಆಸ್ಥಾನಿಕರ ಸಾಲು ಕಣ್ಣಿಗೆ ಬರುವುದು ಸಹಜ. ಹಾಗೆ ತಿಳಿದವರಿಗೆ ನಾನು ಯಾವಾಗಲೂ ಹೇಳುವ ಪ್ರಸಂಗ ಒಂದಿದೆ. ಆ ಕಾಲದ ಆಸ್ಥಾನ ಸಂಗೀತಗಾರರಲ್ಲಿ ಕುರುಡರೇ ಹೆಚ್ಚು. ಮ್ಯೆನ್ ಎಂಬ ಅಂಥ ಸಂಗೀತಗಾರ ಒಮ್ಮೆ ಕನ್‌ಫ್ಯೂಷಿಯಸ್‌ನನ್ನು ನೋಡಲು ಬಂದ. ಮೆಟ್ಟಿಲ ಬಳಿ ಬಂದಾಗ ಕನ್‌ಫ್ಯೂಷಿಯಸ್ "ಇಲ್ಲಿ ಮೆಟ್ಟಿಲಿದೆ" ಎಂದ. ಚಾಪೆಯ ಬಳಿ ಬಂದಾಗ "ಇದು ಚಾಪೆ" ಎಂದ. ಎಲ್ಲರೂ ಕೂತ ಮೇಲೆ "ಇಂಥವರು ಇಲ್ಲಿದ್ದಾರೆ, ಇಂಥವರು ಅಲ್ಲಿದ್ದಾರೆ" ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ತಿಳಿಸಿದ. ಅತಿಥಿ ಹೋದ ಬಳಿಕ ಶಿಷ್ಯನೊಬ್ಬ, "ಸಂಗೀತಗಾರರ ಜೊತೆ ಮಾತನಾಡುವ ರೀತಿ ಇದೇ ಏನು?" ಎಂದು ಕೇಳಿದ. "ಹೌದು, ಸಂಗೀತಗಾರರಿಗೆ ನೆರವಾಗುವ ರೀತಿ ಇದೇ" ಎಂದು ಗುರು ಹೇಳಿದ. ಕಣ್ಣಿಲ್ಲದವನಿಗೆ ಕೋಣೆಯಲ್ಲಿ ಯಾರಿದ್ದಾರೆಂಬುದು ಕಣ್ಣಿದ್ದವರಷ್ಟೇ ತಿಳಿದಿರಬೇಕು ಎಂದು ಅವನಿಗೆ ಹೊಳೆದಿತ್ತು. ನನ್ನ ಮಟ್ಟಿಗೆ ಲಿ ಎಂದರೆ ಇದು. ರೆನ್ ಒಳಗಿದ್ದರೆ ಹೊರಗೆ ಅದಕ್ಕೆ ಕೈಕಾಲು ಬರುವುದು ಹೀಗೆ.

ತಂದೆತಾಯಿಯ ಬಗೆಗಿನ ಶ್ರದ್ಧೆಯನ್ನು ಚೀನೀಯರು ಶಿಯಾವ್ ಎನ್ನುತ್ತಾರೆ. ಅದರ ಬಗ್ಗೆಯೂ ಅವನು ಇದೇ ಕಣ್ಣಿನಿಂದ ಮಾತನಾಡಿದ. ಈಗಿನವರು ಹೆತ್ತವರಿಗೆ ಊಟ ಹಾಕಿದರೆ ಸಾಕು, ಶಿಯಾವ್ ಆಯಿತು ಎಂದುಕೊಂಡಿದ್ದಾರೆ. ನಾಯಿಗೂ ಕುದುರೆಗೂ ಊಟ ಹಾಕುತ್ತೇವಲ್ಲ, ಗೌರವವಿಲ್ಲದಿದ್ದರೆ ವ್ಯತ್ಯಾಸ ಏನು ಬಂತು ಎಂದು ಕೇಳಿದ. ವಯಸ್ಸಾದವರ ಮುಂದೆ ತಟ್ಟೆ ಕುಕ್ಕಿ ಹೋಗುವ ಮನೆಗಳಲ್ಲಿ ಈ ಮಾತು ಇಂದಿಗೂ ಚುಚ್ಚುತ್ತದೆ. ತ್ಸು ಕುಂಗ್ ಎಂಬ ಶಿಷ್ಯ, ಬದುಕಿನುದ್ದಕ್ಕೂ ಪಾಲಿಸಬಹುದಾದ ಒಂದೇ ಒಂದು ಪದ ಇದೆಯೇ ಎಂದು ಕೇಳಿದಾಗ ಗುರು "ಶು" ಎಂದ. ನಿನಗೆ ಬೇಡವಾದದ್ದನ್ನು ಇನ್ನೊಬ್ಬರಿಗೆ ಮಾಡಬೇಡ ಎಂದು ಅದರ ಅರ್ಥವನ್ನೂ ಬಿಡಿಸಿ ಹೇಳಿದ. ದೊರೆಮಗ ಎಂಬ ಅರ್ಥವಿದ್ದ ಜುನ್‌ತ್ಸು ಎಂಬ ಪದವನ್ನು ತೆಗೆದುಕೊಂಡು, ಹುಟ್ಟಿನಿಂದಲ್ಲದೆ ನಡತೆಯಿಂದ ದೊಡ್ಡವನಾದವನಿಗೆ ಅದನ್ನು ಕೊಟ್ಟ. ಈ ಒಂದು ಪದದ ಅರ್ಥ ಬದಲಾದದ್ದು ಸಣ್ಣ ಸಂಗತಿಯಲ್ಲ.

ಇದೇ ಬೋಧನೆ ಭಾರವೂ ಆಯಿತೆಂಬುದನ್ನು ಮರೆಮಾಚಬಾರದು. ಅರಸ-ಪ್ರಜೆ, ತಂದೆ-ಮಗ, ಗಂಡ-ಹೆಂಡತಿ, ಅಣ್ಣ-ತಮ್ಮ, ಗೆಳೆಯ-ಗೆಳೆಯ ಎಂದು, ಕನ್‌ಫ್ಯೂಷಿಯಸ್‌ನ ದಾರಿ ಹಿಡಿದ ನಂತರದ ಚಿಂತಕ ಮೆನ್ಷಿಯಸ್ ಐದು ಸಂಬಂಧಗಳನ್ನು ಎಣಿಸಿದ. ಐದರಲ್ಲಿ ಸಮಾನರ ಸಂಬಂಧ ಒಂದೇ. ಅರಮನೆ ಈ ವಿಚಾರವನ್ನು ಕೈಗೆತ್ತಿಕೊಂಡು ಅಧಿಕಾರಿಗಳ ಪರೀಕ್ಷೆಗೆ ಪಠ್ಯ ಮಾಡಿತು. ಆ ಪರೀಕ್ಷೆಗಳು 1905ರವರೆಗೆ ನಡೆದವು. ಅಷ್ಟರಲ್ಲಿ ಪ್ರಶ್ನೆ ಕೇಳುತ್ತಿದ್ದ ಶಿಷ್ಯರು ಮರೆಯಾಗಿ, ಬಾಯಿಪಾಠ ಒಪ್ಪಿಸುವವರು ಉಳಿದಿದ್ದರು. ಹೆಣ್ಣಿಗಂತೂ ಆ ಪರೀಕ್ಷೆಯ ಬಾಗಿಲು ತೆರೆಯಲೇ ಇಲ್ಲ.

ಇನ್ನು ಲಾವೋತ್ಸು. ಅವನು ಝೌ ಅರಸರ ಗ್ರಂಥಭಂಡಾರಿಯಾಗಿದ್ದನೆಂದೂ, ಲೋಕ ಬೇಸರವಾಗಿ ಪಶ್ಚಿಮಕ್ಕೆ ಹೊರಟಾಗ ಗಡಿ ಕಾಯುವವನ ಕೋರಿಕೆಯಂತೆ ಒಂದು ಗ್ರಂಥ ಬರೆದುಕೊಟ್ಟು ಹೋದನೆಂದೂ ಕತೆ. ಇದನ್ನು ಬರೆದಿಟ್ಟ ಇತಿಹಾಸಕಾರ ಸಿಮಾ ಚ್ಯೆನ್‌ಗೇ ಈ ಮನುಷ್ಯ ಯಾರೆಂದು ಖಚಿತವಿರಲಿಲ್ಲ. ಗ್ರಂಥವಂತೂ ಹಳೆಯದು. 1993ರಲ್ಲಿ ಹುಬೈ ಪ್ರಾಂತದ ಗ್ವೋಡ್ಯೆನ್‌ನ ಸಮಾಧಿಯೊಂದರಲ್ಲಿ ಅದರ ಭಾಗಗಳನ್ನು ಬರೆದ ಬಿದಿರ ಪಟ್ಟಿಗಳು ಸಿಕ್ಕವು. ಆ ಸಮಾಧಿ ಕ್ರಿ.ಪೂ. 300ರ ಆಸುಪಾಸಿನದು. 81 ಅಧ್ಯಾಯಗಳು, ಸುಮಾರು ಐದು ಸಾವಿರ ಅಕ್ಷರಗಳು. ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು, ಅರ್ಥಮಾಡಿಕೊಳ್ಳಲು ಮಾತ್ರ ವರ್ಷಗಳು ಬೇಕು. ಗಾಡಿಯ ಚಕ್ರಕ್ಕೆ ಮೂವತ್ತು ಅರಗಳಿದ್ದರೂ ಚಕ್ರ ಉರುಳುವುದು ಗುಂಬದ ನಡುವಿನ ತೂತಿನಿಂದ, ಮಡಕೆ ಉಪಯೋಗಕ್ಕೆ ಬರುವುದು ಒಳಗಿನ ಬರಿದುತನದಿಂದ ಎನ್ನುತ್ತದೆ ಆ ಗ್ರಂಥ. ನೀರು ಎಲ್ಲಕ್ಕೂ ಒಳಿತು ಮಾಡುತ್ತದೆ, ಯಾರೊಡನೆಯೂ ಸೆಣಸುವುದಿಲ್ಲ, ಜನ ಹೇಸುವ ತಗ್ಗಿನಲ್ಲಿ ಹೋಗಿ ನಿಲ್ಲುತ್ತದೆ ಎಂದು ಕೊಂಡಾಡುತ್ತದೆ. ತನ್ನ ಬಳಿ ಮೂರು ಒಡವೆಗಳಿವೆ ಎನ್ನುತ್ತದೆ: ಕರುಣೆ, ಮಿತ, ಎಲ್ಲರಿಗಿಂತ ಮುಂದೆ ನಿಲ್ಲುವ ಆಸೆ ಇಲ್ಲದಿರುವುದು.

ವೂ ವೇ ಎಂಬುದು ಈ ಪಂಥದ ಹೃದಯ. ಅಕ್ಷರಶಃ "ಮಾಡದಿರುವುದು". ಇದನ್ನು ಸೋಮಾರಿಗಳ ಧರ್ಮ ಎಂದವರಿದ್ದಾರೆ. ಅವರಿಗೆ ಈ ಪಂಥದ ಇನ್ನೊಬ್ಬ ದೊಡ್ಡ ಚಿಂತಕ ಚುವಾಂಗ್ ತ್ಸು ಹೇಳಿದ ಅಡಿಗೆಯವನ ಕತೆಯೇ ಉತ್ತರ. ಡಿಂಗ್ ಎಂಬ ಅಡಿಗೆಯವ ದೊರೆಯ ಮುಂದೆ ಎತ್ತಿನ ಮಾಂಸ ಬಿಡಿಸುತ್ತಿದ್ದ. ಅವನ ಕೈ, ಹೆಗಲು, ಮೊಣಕಾಲುಗಳೆಲ್ಲ ನೃತ್ಯದ ಲಯದಲ್ಲಿ ಆಡುತ್ತಿದ್ದವು. ಸಾಧಾರಣ ಅಡಿಗೆಯವ ತಿಂಗಳಿಗೊಂದು ಚೂರಿ ಬದಲಾಯಿಸುತ್ತಾನೆ, ಒಳ್ಳೆಯವ ವರ್ಷಕ್ಕೊಂದು. ಡಿಂಗ್‌ನ ಚೂರಿಗೆ ಹತ್ತೊಂಬತ್ತು ವರ್ಷವಾಗಿದ್ದರೂ ಅಲಗು ಈಗಷ್ಟೇ ಸಾಣೆ ಹಿಡಿದಂತಿತ್ತು. ಕೀಲುಗಳ ನಡುವೆ ಸಂದು ಇದೆ, ಅಲಗಿಗೆ ದಪ್ಪವೇ ಇಲ್ಲ. ಸಂದಿನಲ್ಲಿ ಅದು ಆರಾಮವಾಗಿ ಓಡಾಡುತ್ತದೆ ಎಂದ ಅವನು. ತೊಡಕಿನ ಜಾಗ ಬಂದಾಗ ಮಾತ್ರ ಎಚ್ಚರವಾಗುತ್ತಾನೆ. ನೋಟವನ್ನು ಅಲ್ಲೇ ನೆಟ್ಟು, ಕೈಯನ್ನು ನಿಧಾನಿಸಿ, ಚೂರಿಯನ್ನು ತೀರ ಸ್ವಲ್ಪವೇ ಅಲುಗಿಸುತ್ತಾನೆ. ಮಣ್ಣಿನ ಹೆಂಟೆ ನೆಲಕ್ಕೆ ಬಿದ್ದ ಹಾಗೆ ಮಾಂಸ ತಾನಾಗಿ ಕಳಚಿಕೊಳ್ಳುತ್ತದೆ.

ಕನ್ನಡದಲ್ಲಿ ಇದಕ್ಕೆ "ಹದ" ಎಂಬ ಮಾತಿದೆ. ಪಾಕದ ಹದ, ಮಣ್ಣಿನ ಹದ, ಮಳೆ ಬಿದ್ದ ಹೊಲದ ಹದ. ಹದ ಬಲ್ಲವನ ಕೆಲಸದಲ್ಲಿ ಗುದ್ದಾಟ ಕಾಣುವುದಿಲ್ಲ, ಅದರ ಹಿಂದಿನ ವರ್ಷಗಳೂ ಕಾಣುವುದಿಲ್ಲ. ಮೆಟ್ಟಿಲಿನ ಬಳಿ ನಿಂತ ಕನ್‌ಫ್ಯೂಷಿಯಸ್‌ನನ್ನೂ ಚೂರಿ ನಿಧಾನಿಸಿದ ಡಿಂಗ್‌ನನ್ನೂ ಒಟ್ಟಿಗೆ ನೆನೆದರೆ ಇಬ್ಬರೂ ನನಗೆ ಬಂಧುಗಳ ಹಾಗೆ ಕಾಣುತ್ತಾರೆ. ಎದುರಿಗಿರುವುದನ್ನು ಅವರಷ್ಟು ಗಮನವಿಟ್ಟು ನೋಡಿದವರು ಕಡಿಮೆ.

ಬೇರೆಯಾಗುವುದು ಸಾವಿನ ಎದುರಿನಲ್ಲಿ. ಪ್ರೀತಿಯ ಶಿಷ್ಯ ಯೆನ್ ಹ್ವೇ ಎಳೆಯ ವಯಸ್ಸಿನಲ್ಲಿ ಸತ್ತಾಗ ಕನ್‌ಫ್ಯೂಷಿಯಸ್ ಗೋಳಾಡಿ ಅತ್ತ. ಗುರುಗಳೇ, ನಿಮ್ಮ ದುಃಖ ಮಿತಿ ಮೀರಿದೆ ಎಂದರು ಜೊತೆಗಿದ್ದವರು. ಮಿತಿಯನ್ನು ಬದುಕಿಡೀ ಕಲಿಸಿದವನು, "ಮೀರಿತೇ? ಇವನಿಗಾಗಿ ಅಲ್ಲದೆ ಇನ್ನು ಯಾರಿಗಾಗಿ ಅಷ್ಟು ಅಳಲಿ?" ಎಂದ. ಚುವಾಂಗ್ ತ್ಸುವಿನ ಹೆಂಡತಿ ಸತ್ತಾಗ ಗೆಳೆಯ ಸಂತಾಪ ಹೇಳಲು ಬಂದರೆ, ಅವನು ಕಾಲು ಚಾಚಿ ಕೂತು ಮಡಕೆ ಬಡಿಯುತ್ತ ಹಾಡುತ್ತಿದ್ದ. ಗೆಳೆಯ ಸಿಟ್ಟಾದ. ಚುವಾಂಗ್ ತ್ಸು ಹೇಳಿದ: ಅವಳು ಸತ್ತ ಕ್ಷಣದಲ್ಲಿ ನನಗೂ ದುಃಖವಾಗದೆ ಇರಲಿಲ್ಲ. ಆದರೆ ಹುಟ್ಟುವ ಮೊದಲು ಅವಳಿಗೆ ಆಕಾರವಿರಲಿಲ್ಲ, ಉಸಿರೂ ಇರಲಿಲ್ಲ. ಮಾರ್ಪಾಡಾಗಿ ಉಸಿರು ಬಂತು, ಆಕಾರ ಬಂತು, ಜೀವ ಬಂತು. ಈಗ ಇನ್ನೊಂದು ಮಾರ್ಪಾಡು. ಋತುಗಳು ಬದಲಾದ ಹಾಗೆ. ಅವಳು ದೊಡ್ಡ ಮನೆಯೊಂದರಲ್ಲಿ ಮಲಗಿರುವಾಗ ನಾನು ಕಿರುಚಾಡಲೇ?

ನನಗೆ ಈ ಎರಡರಲ್ಲಿ ಒಂದನ್ನು ಆರಿಸಲು ಬರುವುದಿಲ್ಲ. ಸಾವು ಕಂಡ ಮನೆಯಲ್ಲಿ ಮೊದಲ ದಿನಕ್ಕೆ ಕನ್‌ಫ್ಯೂಷಿಯಸ್ ಬೇಕು. ಚುವಾಂಗ್ ತ್ಸು ಬಹಳ ತಡವಾಗಿ, ತಾನಾಗಿ ಬರಬೇಕು.

ಚೀನೀಯರೂ ಒಂದನ್ನೇ ಹಿಡಿದು ಕೂರಲಿಲ್ಲ. ಕವಿ ತಾವ್ ಯುವಾನ್‌ಮಿಂಗ್ 405ರಲ್ಲಿ ಪಂಗ್‌ಜ಼ೆ ಎಂಬ ಊರಿನ ಅಧಿಕಾರಿಯಾಗಿದ್ದ. ತಪಾಸಣೆಗೆ ಮೇಲಧಿಕಾರಿ ಬರುತ್ತಾನೆ, ನಡುಪಟ್ಟಿ ಬಿಗಿದು ಹೋಗಿ ಸ್ವಾಗತಿಸಬೇಕು ಎಂದರು. ಐದು ಅಳತೆ ಅಕ್ಕಿಗಾಗಿ ಸೊಂಟ ಬಗ್ಗಿಸಲಾರೆ ಎಂದು ಕೆಲಸ ಬಿಟ್ಟು ಊರಿಗೆ ಬಂದ. ಎಂಬತ್ತು ದಿನಗಳಷ್ಟೇ ಆಗಿತ್ತು. ಅದಕ್ಕೂ ಎರಡು ವರ್ಷ ಮೊದಲು, 403ರ ವಸಂತದಲ್ಲಿ, ತನ್ನ ಹೊಲದಲ್ಲಿ ದುಡಿದು ಅವನು ಪದ್ಯವೊಂದನ್ನು ಬರೆದಿದ್ದ. ಬಡತನದ ಚಿಂತೆ ಬಿಡು, ದಾರಿಯ ಚಿಂತೆ ಮಾಡು ಎಂಬ ಕನ್‌ಫ್ಯೂಷಿಯಸ್‌ನ ಮಾತಿನಿಂದ ಪದ್ಯ ತೊಡಗುತ್ತದೆ. ಆ ಮಾತಿನ ಎತ್ತರ ತನಗೆ ಎಟುಕದು ಎಂದು ಒಪ್ಪಿಕೊಂಡು ಕವಿ ನೇಗಿಲು ಹಿಡಿಯುತ್ತಾನೆ. ಬಯಲ ಮೇಲೆ ದೂರದ ಗಾಳಿ ಬೀಸುತ್ತದೆ, ಎಳೆಯ ಪೈರು ಚಿಗುರುತ್ತಿದೆ. ಉಳುಮೆಯ ನಡುವೆ ಆಗಾಗ ದಣಿವಾರಿಸಿಕೊಳ್ಳುತ್ತಾನೆ. ಕನ್‌ಫ್ಯೂಷಿಯಸ್‌ನ ಗಾಡಿ ಹಾದುಹೋಗಿ ಹತ್ತಿರ ಹತ್ತಿರ ಒಂಬತ್ತು ನೂರು ವರ್ಷಗಳಾಗಿವೆ. ಹೊಳೆ ದಾಟುವ ಜಾಗ ಕೇಳಿಕೊಂಡು ಯಾವ ದಾರಿಹೋಕನೂ ಬರಲಿಲ್ಲ ಎಂದು ಬರೆಯುತ್ತಾನೆ. ಹೊತ್ತು ಮುಳುಗಿದ ಮೇಲೆ ಎಲ್ಲರೂ ಜೊತೆಯಾಗಿ ಮನೆಗೆ ಮರಳುತ್ತಾರೆ. ಹೂಜಿಯಲ್ಲಿದ್ದ ಮದ್ಯವನ್ನು ನೆರೆಯವರಿಗೂ ಕೊಡುತ್ತಾನೆ.

ನಮಸ್ಕಾರ.