ಅಡ್ಮಿನ್ ಪಾಸ್‌ವರ್ಡ್ ಮರೆತಿದೆಯಾ? ಫಾರ್ಮ್ಯಾಟ್ ಹೊಡೆಸುವ ಮುಂಚೆ ಇದನ್ನ ನೋಡಿ

ನಮಸ್ಕಾರ. ಲ್ಯಾಪ್‌ಟಾಪ್ ಆನ್ ಆಗುತ್ತದೆ, ನಿಮ್ಮ ಹೆಸರೂ ಕಾಣುತ್ತದೆ, ಪಾಸ್‌ವರ್ಡ್ ಮಾತ್ರ ಏನು ಮಾಡಿದರೂ ನೆನಪಿಗೆ ಬರುತ್ತಿಲ್ಲ. ಯಾರನ್ನ ಕೇಳಿದರೂ ಒಂದೇ ಮಾತು: ಫಾರ್ಮ್ಯಾಟ್ ಹೊಡೆಸಿಬಿಡಿ. ದಯವಿಟ್ಟು ಈಗಲೇ ಬೇಡ. ನಿಮ್ಮ ಫೋಟೋ, ಫೈಲು ಎಲ್ಲ ಡಿಸ್ಕಿನಲ್ಲಿ ಇದ್ದಲ್ಲೇ ಇವೆ. ಫಾರ್ಮ್ಯಾಟ್ ಮಾಡಿದ ಮೇಲೆ ಅವು ಸಿಗುತ್ತವೆ ಅನ್ನುವ ಭರವಸೆ ಯಾರೂ ಕೊಡಲಾರರು.

ಇವತ್ತು ಹೇಳುವುದು ವಿಂಡೋಸ್ 10 ಮತ್ತು 11ರ ಬಗ್ಗೆ, ಅದೂ ನಿಮ್ಮ ಸ್ವಂತ ಕಂಪ್ಯೂಟರಿನ ಬಗ್ಗೆ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಏನೂ ಮುಟ್ಟಬೇಡಿ, ಐಟಿಯವರಿಗೆ ಫೋನ್ ಮಾಡಿ.

[ಪರದೆ: ಲಾಗಿನ್ ಸ್ಕ್ರೀನ್, ಕೆಳಗಿನ ಬಲಮೂಲೆ ದೊಡ್ಡದಾಗಿ]

ಮೊದಲು, ಪಾಸ್‌ವರ್ಡ್ ನಿಜವಾಗಿ ಮರೆತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಒಂದಕ್ಕಿಂತ ಜಾಸ್ತಿ ಕೀಬೋರ್ಡ್ ಭಾಷೆ ಹಾಕಿಕೊಂಡಿದ್ದರೆ ಈ ಮೂಲೆಯಲ್ಲಿ ಸದ್ಯ ಯಾವುದು ಆನ್ ಇದೆ ಅಂತ ಸಣ್ಣ ಅಕ್ಷರದಲ್ಲಿ ಕಾಣುತ್ತದೆ. ಕನ್ನಡದಲ್ಲಿ ಟೈಪ್ ಮಾಡುವವರು ಇದನ್ನ ನೋಡಲೇಬೇಕು. ಅಲ್ಲಿ ಕನ್ನಡ ಇದ್ದರೆ ನೀವು ಒತ್ತುವ ಕೀ ಒಂದು, ಒಳಗೆ ಹೋಗುವ ಅಕ್ಷರ ಇನ್ನೊಂದು, ಕಾಣುವುದು ಬರೀ ಚುಕ್ಕಿ, ಹಾಗಾಗಿ ತಪ್ಪು ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ. ಟೈಪ್ ಮಾಡಿದ ಮೇಲೆ ಪಕ್ಕದ ಕಣ್ಣಿನ ಗುರುತು ಒತ್ತಿ ಹಿಡಿದು ನೋಡಿ. ಕ್ಯಾಪ್ಸ್ ಲಾಕ್, ನಮ್ ಲಾಕ್ ಕೂಡ ಗಮನಿಸಿ. ಸುಮ್ನೆ ಊಹಿಸಿ ಹೊಡೆಯುತ್ತಾ ಹೋಗಬೇಡಿ, ಹೊಸದಾಗಿ ಇನ್‌ಸ್ಟಾಲ್ ಆದ ವಿಂಡೋಸ್ 11ರಲ್ಲಿ 10 ಸಲ ತಪ್ಪಿದರೆ ಅಕೌಂಟ್ 10 ನಿಮಿಷ ಲಾಕ್ ಆಗುತ್ತದೆ.

ಮರೆತಿರುವುದು ಪಿನ್ ಆದರೆ ಗಾಬರಿಯಾಗಬೇಡಿ. ಪಿನ್ ಬೇರೆ, ಪಾಸ್‌ವರ್ಡ್ ಬೇರೆ. ಸೈನ್ ಇನ್ ಆಪ್ಷನ್ಸ್ ಒತ್ತಿ ಪಾಸ್‌ವರ್ಡ್ ಹಾಕಿ ಒಳಗೆ ಹೋಗಬಹುದು.

ಅದೂ ನೆನಪಿಲ್ಲವಾ? ಹಾಗಾದರೆ ಒಂದು ಸಲ ತಪ್ಪು ಪಾಸ್‌ವರ್ಡ್ ಹಾಕಿ, ಕೆಳಗೆ ಏನು ಬರುತ್ತದೆ ನೋಡಿ. ‘ಐ ಫರ್ಗಾಟ್ ಮೈ ಪಾಸ್‌ವರ್ಡ್’ ಅಂತ ಬಂದರೆ ಅದು ಮೈಕ್ರೋಸಾಫ್ಟ್ ಅಕೌಂಟ್, ಅಂದರೆ ಇಮೇಲ್ ಐಡಿಯಿಂದ ನಡೆಯುವ ಆನ್‌ಲೈನ್ ಅಕೌಂಟ್. ‘ರಿಸೆಟ್ ಪಾಸ್‌ವರ್ಡ್’ ಅಂತ ಬಂದರೆ ಲೋಕಲ್ ಅಕೌಂಟ್, ಅಂದರೆ ಈ ಕಂಪ್ಯೂಟರಿನಲ್ಲಿ ಮಾತ್ರ ಇರುವ ಅಕೌಂಟ್. ಮುಂದಿನ ದಾರಿಯೆಲ್ಲ ಇದರ ಮೇಲೆ ನಿಂತಿದೆ.

ಮೈಕ್ರೋಸಾಫ್ಟ್ ಅಕೌಂಟ್ ಆದರೆ ಕೆಲಸ ನಿಮ್ಮ ಮೊಬೈಲಿನಲ್ಲೇ ಆಗುತ್ತದೆ. ಬ್ರೌಸರಿನಲ್ಲಿ ಅಕೌಂಟ್ ಡಾಟ್ ಲೈವ್ ಡಾಟ್ ಕಾಮ್ ಸ್ಲ್ಯಾಶ್ ಪಾಸ್‌ವರ್ಡ್ ಸ್ಲ್ಯಾಶ್ ರಿಸೆಟ್ ತೆರೆಯಿರಿ, ಕೋಡ್ ತರಿಸಿಕೊಂಡು ಹೊಸ ಪಾಸ್‌ವರ್ಡ್ ಇಡಿ. ಆಮೇಲೆ ಲಾಗಿನ್ ಸ್ಕ್ರೀನಿನಲ್ಲೇ ಲ್ಯಾಪ್‌ಟಾಪಿಗೆ ವೈಫೈ ಕೊಡಬೇಕು. ಇದನ್ನ ಬಹಳ ಜನ ಬಿಟ್ಟುಬಿಡುತ್ತಾರೆ. ನೆಟ್ ಇಲ್ಲದಿದ್ದರೆ ಪಾಸ್‌ವರ್ಡ್ ಬದಲಾಗಿದ್ದು ಲ್ಯಾಪ್‌ಟಾಪಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಯಾವ ಇಮೇಲ್ ಅಂತಲೇ ಗೊತ್ತಿಲ್ಲ ಅನ್ನುವವರೂ ಇದ್ದಾರೆ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರೇ ಒಂದು ಐಡಿ ಮಾಡಿ ಸೆಟಪ್ ಮಾಡಿಕೊಟ್ಟಿರಬಹುದು. ಆ ದಿನದ ಎಸ್ಸೆಮ್ಮೆಸ್ ಹುಡುಕಿ, ಅಂಗಡಿಯವರನ್ನ ಕೇಳಿ. ಐಡಿ ಗೊತ್ತಿದ್ದು ಹಳೇ ಸಿಮ್ ಹೋಗಿದ್ದರೆ ಮೈಕ್ರೋಸಾಫ್ಟಿನ ಅಕೌಂಟ್ ರಿಕವರಿ ಫಾರ್ಮ್ ಇದೆ, ದಿನಕ್ಕೆ 2 ಸಲ ತುಂಬಬಹುದು. ಮೊದಲು ಬಳಸುತ್ತಿದ್ದ ಮೊಬೈಲು, ಮನೆಯದೇ ವೈಫೈ ಇದ್ದರೆ ಒಳ್ಳೆಯದು.

ಲೋಕಲ್ ಅಕೌಂಟ್ ಆದರೆ ‘ರಿಸೆಟ್ ಪಾಸ್‌ವರ್ಡ್’ ಒತ್ತಿದಾಗ ಸೆಟಪ್ ಹೊತ್ತಿನಲ್ಲಿ ನೀವೇ ಉತ್ತರ ಕೊಟ್ಟಿದ್ದ 3 ಪ್ರಶ್ನೆ ಕೇಳುತ್ತದೆ. ಈ ಸೌಲಭ್ಯ ಬಂದಿದ್ದು 2018ರಲ್ಲಿ. ಇಲ್ಲವಾ, ಮನೆಯಲ್ಲಿ ಇನ್ನೊಬ್ಬರ ಅಡ್ಮಿನ್ ಅಕೌಂಟ್ (ಬೇರೆಯವರ ಅಕೌಂಟನ್ನೂ ಬದಲಿಸುವ ಅಧಿಕಾರ ಇರುವುದು) ಅದೇ ಕಂಪ್ಯೂಟರಿನಲ್ಲಿದ್ದರೆ ಅವರು ಒಳಗೆ ಹೋಗಿ ಕಂಟ್ರೋಲ್ ಪ್ಯಾನೆಲ್‌ನಿಂದ ನಿಮ್ಮ ಪಾಸ್‌ವರ್ಡ್ ಬದಲಿಸಬಹುದು. ಫೈಲ್ ಉಳಿಯುತ್ತವೆ, ಬ್ರೌಸರಿನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳು ಮಾತ್ರ ಹೋಗಬಹುದು.

ಹಳೇ ಪಾಸ್‌ವರ್ಡ್ ಓದಿ ಹೇಳುತ್ತೇವೆ ಅನ್ನುವ ಸಾಫ್ಟ್‌ವೇರ್ ನಂಬಿ ಡೌನ್‌ಲೋಡ್ ಮಾಡಬೇಡಿ. ವಿಂಡೋಸ್ ನಿಮ್ಮ ಪಾಸ್‌ವರ್ಡನ್ನ ಹಾಗೇ ಬರೆದಿಡುವುದಿಲ್ಲ, ಅದರಿಂದ ಲೆಕ್ಕ ಹಾಕಿದ ಒಂದು ಹ್ಯಾಶ್ ಮಾತ್ರ ಇಟ್ಟುಕೊಳ್ಳುತ್ತದೆ, ಅಂದರೆ ನೋಡಿದರೆ ಪಾಸ್‌ವರ್ಡ್ ಏನೆಂದು ಓದಲಾಗದ ಒಂದು ಸಂಕೇತ.

[ಪರದೆ: ಬಿಟ್‌ಲಾಕರ್ ನೀಲಿ ಸ್ಕ್ರೀನ್]

ಯಾವುದೂ ಆಗಲಿಲ್ಲ ಅಂದರೆ, ಆಗಲೂ ಮೊದಲು ಡೇಟಾ. ಬೇರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಉಬುಂಟು (ವಿಂಡೋಸಿನ ಹಾಗೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿಕೊಂಡು ನಿಮ್ಮ ಲ್ಯಾಪ್‌ಟಾಪನ್ನ ಅದರಿಂದ ಬೂಟ್ ಮಾಡಿ, ಅಂದರೆ ಶುರು ಮಾಡಿ, ಇನ್‌ಸ್ಟಾಲ್ ಮಾಡದೆ ‘ಟ್ರೈ ಉಬುಂಟು’ ಆರಿಸಿ, ಡಿಸ್ಕ್ ತೆರೆದುಕೊಂಡರೆ ಬೇಕಾದ್ದನ್ನ ಕಾಪಿ ಮಾಡಿ. ಆದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ವಿಂಡೋಸಿನ ಬಿಟ್‌ಲಾಕರ್ ಅದನ್ನ ಕೀ ಇಲ್ಲದೆ ಓದಲಾಗದ ಹಾಗೆ ಮಾಡಿದ್ದರೆ, ಅಲ್ಲಿ ಬೀಗ. ವಿಂಡೋಸ್ 11ರ 24ಎಚ್2 ಆವೃತ್ತಿ 2024ರಲ್ಲಿ ಬಂದ ಮೇಲಂತೂ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೆಟಪ್ ಮಾಡಿದ ಹೆಚ್ಚಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದು ತಾನಾಗೇ ಆನ್ ಆಗಿರುತ್ತದೆ. ಆಗ ಬೇಕಾಗುವುದು 48 ಅಂಕಿಯ ರಿಕವರಿ ಕೀ. ಪೆನ್‌ಡ್ರೈವಿನಿಂದ ಬೂಟ್ ಆಗಲಿ ಅಂತ ಬಯೋಸ್ (ವಿಂಡೋಸಿಗೂ ಮುಂಚೆ ಶುರುವಾಗುವ ಭಾಗ) ಸೆಟ್ಟಿಂಗ್ ಬದಲಿಸಿದರೂ ಇದನ್ನೇ ಕೇಳಬಹುದು, ಹಾಗಾಗಿ ಅಲ್ಲಿ ಕೈ ಹಾಕುವ ಮೊದಲೇ ಕೀ ಹುಡುಕಿಡಿ. ಮೊಬೈಲಿನಲ್ಲಿ ಎಕೆಎ ಡಾಟ್ ಎಂಎಸ್ ಸ್ಲ್ಯಾಶ್ ಮೈರಿಕವರಿಕೀ ತೆರೆದರೆ ಸಾಮಾನ್ಯವಾಗಿ ನಿಮ್ಮ ಅಕೌಂಟಿನಲ್ಲೇ ಇರುತ್ತದೆ. ನೀಲಿ ಸ್ಕ್ರೀನಿನಲ್ಲಿರುವ ಕೀ ಐಡಿಯ ಮೊದಲ 8 ಅಕ್ಷರ ಅಲ್ಲಿಯದರ ಜೊತೆ ತಾಳೆ ನೋಡಿ, ಅದರ ಎದುರಿಗಿರುವ ಕೀ ಹಾಕಿ. ಆ ಕೀ ಎಲ್ಲೂ ಸಿಗದಿದ್ದರೆ ಡೇಟಾ ಹೊರಗೆ ತೆಗೆಯಲು ಮೈಕ್ರೋಸಾಫ್ಟಿನವರಿಗೂ ಆಗುವುದಿಲ್ಲ, ಎಷ್ಟು ದುಡ್ಡು ಕೇಳಿದವರಿಗೂ ಆಗುವುದಿಲ್ಲ.

ಡೇಟಾ ಕೈಗೆ ಬಂದ ಮೇಲೆ ಇಡೀ ವಿಂಡೋಸನ್ನೇ ರಿಸೆಟ್ ಮಾಡಿ: ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್, ಆಮೇಲೆ ಟ್ರಬಲ್‌ಶೂಟ್, ರಿಸೆಟ್ ದಿಸ್ ಪಿಸಿ.

ಒಳಗೆ ಹೋದ ತಕ್ಷಣ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಈಗಿನ ಮೊಬೈಲ್ ನಂಬರ್ ಹಾಕಿ, ರಿಕವರಿ ಕೀ ಪ್ರಿಂಟ್ ತೆಗೆದು ಮನೆಯ ಕಾಗದಪತ್ರದ ಜೊತೆ ಇಡಿ, ಇನ್ನೊಂದು ಅಡ್ಮಿನ್ ಅಕೌಂಟ್ ಮಾಡಿಕೊಳ್ಳಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನಿಮ್ಮ ಸ್ಕ್ರೀನಿನಲ್ಲಿ ಏನು ಬರುತ್ತಿದೆ ಅಂತ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ. ಇಮೇಲ್ ಐಡಿ, ರಿಕವರಿ ಕೀ ಮಾತ್ರ ಅಲ್ಲಿ ಹಾಕಬೇಡಿ.