ಫ್ರಾಸ್ಟೆಡ್ ಹೂದಾನಿಗೆ ನೀರು ತಾಗಿದರೆ ಬಿಳುಪು ಎಲ್ಲಿ ಹೋಗುತ್ತದೆ?

[ಮೇಜಿನ ಮೇಲೆ ಎರಡು ಗಾಜಿನ ಹೂದಾನಿ. ಒಂದು ಸಾದಾ, ಇನ್ನೊಂದು ಫ್ರಾಸ್ಟೆಡ್]

ನಮಸ್ಕಾರ. ಗಾಜಿನ ಹೂದಾನಿಗೆ ಮನೆಯಲ್ಲೇ ಫ್ರಾಸ್ಟೆಡ್ ಲುಕ್, ಅಂದ್ರೆ ಮಂಜು ಕವಿದಂಥ ಬಿಳುಪು, ಕೊಡುವುದು ಹೇಗೆ ಅಂತ ಕೇಳಿದ್ದೀರಿ. ಸ್ಪ್ರೇ ಇದೆ, ಗಾಜಿನ ಮೇಲ್ಮೈ ತಿನ್ನುವ ಎಚಿಂಗ್ ಕ್ರೀಮ್ ಇದೆ, ಒದ್ದೆ ಮಾಡಿ ತಿಕ್ಕುವ ಉಜ್ಜುಕಾಗದ, ಅಂದ್ರೆ ವಾಟರ್ ಪೇಪರ್ ಇದೆ. ಅದಕ್ಕೆ ಬರುತ್ತೇನೆ. ಮೊದಲು ಇದನ್ನು ನೋಡಿ.

[ಕ್ಲೋಸಪ್: ಫ್ರಾಸ್ಟೆಡ್ ಗಾಜಿನ ಮೇಲೆ ಒದ್ದೆ ಬೆರಳು ಎಳೆಯುವುದು]

ಬೆರಳು ಹೋದಲ್ಲೆಲ್ಲ ಬಿಳುಪು ಮಾಯ! ಹಿಂದಿನ ಹೂವಿನ ದಂಟು ಕಾಣುತ್ತಿದೆ, ಅಲ್ವಾ? ನೀರು ಆರಲಿ, ಮತ್ತೆ ಬಿಳಿ.

ಯಾಕಂದ್ರೆ ಇಲ್ಲಿ ಬಿಳಿ ಬಣ್ಣ ಅನ್ನೋದೇ ಇಲ್ಲ. ಇರುವುದು ತೀರಾ ಸಣ್ಣ ತಗ್ಗು ದಿಣ್ಣೆ. ಬೆಳಕು ಅದಕ್ಕೆ ಬಡಿದು ಕಂಡಕಂಡ ಕಡೆ ಚೆದುರುತ್ತದೆ. ಕಲ್ಲುಸಕ್ಕರೆ ಕುಟ್ಟಿ ಪುಡಿ ಮಾಡಿದರೆ ಬೆಳ್ಳಗಾಗುತ್ತದಲ್ಲ, ಹಾಗೇ.

ಬೆಳಕು ಎಷ್ಟು ಬಾಗುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ, ವಕ್ರೀಭವನ ಸೂಚ್ಯಂಕ. ಗಾಳಿಗೆ ಅದು 1, ಗಾಜಿಗೆ ಸುಮಾರು 1.5. ಈ ಅಂತರ ದೊಡ್ಡದು, ಅದಕ್ಕೇ ಬೆಳಕು ಚೆದುರುತ್ತದೆ. ತಗ್ಗಿನೊಳಗೆ ನೀರು ತುಂಬಿದರೆ 1.33, ಅಂತರ ಕಡಿಮೆ. ಕೊಬ್ಬರಿ ಎಣ್ಣೆ ಸುಮಾರು 1.45. ಗಾಜಿಗೆ ಇನ್ನೂ ಹತ್ತಿರ!

[ಒಂದು ಹನಿ ಎಣ್ಣೆ ಸವರುವುದು]

ನೋಡಿ, ಎಣ್ಣೆ ಸವರಿದಲ್ಲಿ ಒರಟು ಗಾಜು ಅಂತ ಗೊತ್ತೇ ಆಗುವುದಿಲ್ಲ. ಇದು ನನಗೆ ತುಂಬಾ ಇಷ್ಟವಾದ ಪ್ರಯೋಗ. ಬಾತ್‌ರೂಮ್ ಕಿಟಕಿಯ ಒರಟು ಬದಿಗೆ ಸೆಲೋಟೇಪ್ ಒತ್ತಿ ಅಂಟಿಸಿ, ಅಲ್ಲೂ ಹೀಗೇ ಆಗುತ್ತದೆ. ಟೇಪಿನ ಅಂಟು ತಗ್ಗಿನೊಳಗೆ ಹೋಗಿ ತುಂಬಿಕೊಳ್ಳುತ್ತದೆ.

ಹಾಗಾಗಿ ಹೂದಾನಿಯ ಹೊರಮೈಯನ್ನೇ ಒರಟು ಮಾಡಿ. ಒಳಗೆ ಮಾಡಿದರೆ ನೀರು ಹಾಕಿದಷ್ಟೂ ಎತ್ತರಕ್ಕೆ ಬಿಳುಪು ಮಾಸುತ್ತದೆ. ಎಣ್ಣೆ ಕೈ ತಾಗಿ ಕಲೆಯಾದರೆ ಪಾತ್ರೆ ತೊಳೆಯುವ ಸೋಪು ಸಾಕು.

ಈಗ ಬೇಗ ಬೇಗ ವಿಧಾನ. ಸ್ಪ್ರೇ ಸುಲಭ, ಆದರೆ ಅದು ಬರೀ ಲೇಪ, ಉಜ್ಜಿದರೆ ಕಿತ್ತು ಬರುತ್ತದೆ. ಬಯಲಲ್ಲಿ, ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ. ವಾಟರ್ ಪೇಪರ್ ಆದರೆ 220 ನಂಬರಿನದು, ನೀರಲ್ಲಿ ಒದ್ದೆ ಮಾಡಿಕೊಂಡೇ ತಿಕ್ಕಿ. ಒಣಗಿಸಿ ತಿಕ್ಕಿದರೆ ಗಾಜಿನ ಧೂಳು ಉಸಿರಿಗೆ ಹೋಗುತ್ತದೆ. ಕ್ರೀಮಿನಲ್ಲಿರುವ ಫ್ಲೋರೈಡ್ ಲವಣ ಗಾಜನ್ನೇ ತಿನ್ನುತ್ತದೆ, ಚರ್ಮಕ್ಕೂ ಅಪಾಯ. ಗ್ಲೌಸ್, ಕನ್ನಡಕ ಬೇಕೇ ಬೇಕು, ಮಕ್ಕಳು ಹತ್ತಿರ ಬರಬಾರದು. ಡಬ್ಬಿಯ ಮೇಲೆ ಬರೆದಷ್ಟೇ ಹೊತ್ತು ಬಿಟ್ಟು ತೊಳೆಯಿರಿ. ಹೈಡ್ರೋಫ್ಲೋರಿಕ್ ಆಸಿಡ್ ಮಾತ್ರ ಮನೆಗೆ ತರಲೇಬೇಡಿ.

ಚಿತ್ತಾರ ಬೇಕಾದರೆ ಮೊದಲು ಸ್ಟಿಕರ್ ಅಂಟಿಸಿ, ಅಂಚು ಚೆನ್ನಾಗಿ ಒತ್ತಿ. ಕೊನೆಗೆ ಕಿತ್ತರೆ ಅಷ್ಟು ಜಾಗ ಸಾದಾ ಗಾಜಾಗಿಯೇ ಇರುತ್ತದೆ.